ಟೇಬಲ್ ಮೇಲಿನ ನರ ಪುಸ್ತಕದ ಹಾಗಿಲ್ಲ. ನಾನೇ ಕತ್ತರಿಸಿಬಿಟ್ಟೆನಾ?

ನಾಲ್ಕನೇ_ಟೇಬಲ್

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಇಯರ್ ಎಂಬಿಬಿಎಸ್. ಈಗ ಶವದ ಡಿಸೆಕ್ಷನ್‌ನಲ್ಲಿ ಅಪ್ಪರ್ ಲಿಂಬ್, ಅಂದರೆ ಇಡೀ ಕೈ, ನಡೆಯುತ್ತಿದೆ. ನಮ್ಮ ಟೇಬಲ್‌ಗೆ 22 ಜನ. ಅದರಲ್ಲಿ ಬ್ಲೇಡ್ ಹಿಡಿಯುವವರು ಮೂರೋ ನಾಲ್ಕೋ ಜನ. ಉಳಿದವರು ಹಿಂದೆ ಸ್ಟೂಲ್ ಹತ್ತಿ ನೋಡುತ್ತಾರೆ, ಇಲ್ಲಾಂದ್ರೆ ಕಿಟಕಿ ಹತ್ತಿರ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ.

ಮೊನ್ನೆ ಎಡ ತೋಳು ನನ್ನ ಪಾಲಿಗೆ ಬಂತು. ತೋಳಿನ ಮುಂಭಾಗದ ಸ್ನಾಯುಗಳಿಗೆ ಹೋಗುವ ಮಸ್ಕ್ಯುಲೊಕ್ಯುಟೇನಿಯಸ್ ನರ ಹುಡುಕಬೇಕಿತ್ತು. ಕೊರಕೊಬ್ರೇಕಿಯಾಲಿಸ್ ಅನ್ನೋ ಸ್ನಾಯುವನ್ನು ತೂರಿಕೊಂಡು ಹೋಗುತ್ತದೆ, ಕಣ್ಣು ಮುಚ್ಚಿದರೂ ಸಿಗುತ್ತದೆ ಅಂತ ಸೀನಿಯರ್ಸ್ ಹೇಳಿದ್ದರು. ಎರಡು ಗಂಟೆ ಹುಡುಕಿದೆ. ಸ್ನಾಯು ಇದೆ, ಅದರಲ್ಲಿ ನರ ಇಲ್ಲ. ಬೈಸೆಪ್ಸ್‌ಗೆ ಹೋಗುವ ಒಂದು ಕವಲು ಅಂಗೈವರೆಗೆ ಹೋಗುವ ಮೀಡಿಯನ್ ನರದಿಂದಲೇ ಹೊರಟ ಹಾಗೆ ಕಾಣುತ್ತದೆ.

ಟ್ಯೂಟರ್‌ಗೆ ತೋರಿಸಿದೆ. "ಯಾರೋ ಕಟ್ ಮಾಡಿರ್ತೀರಿ, ಪಕ್ಕದ ಟೇಬಲ್‌ನಲ್ಲಿ ನೋಡ್ಕೋ" ಅಂದು ಮುಂದೆ ಹೋದರು. ಅವತ್ತಿನಿಂದ ಟೇಬಲ್‌ನಲ್ಲಿ ನನ್ನ ಹೆಸರು 'ನರಹಂತಕಿ'.

ನಾನು ಕತ್ತರಿಸಿದೆನೋ ಇಲ್ಲವೋ ಅಂತ ಗೊತ್ತಾಗೋದು ಹೇಗೆ? ಕತ್ತರಿಸಿಲ್ಲ ಅಂತಾದರೆ ಇದನ್ನು ಯಾರಿಗಾದರೂ ಹೇಳಬೇಕಾ, ಅಥವಾ ಸುಮ್ನೆ ಬಿಟ್ಟುಬಿಡಲಾ?

ಮೆಸ್_ಚಿತ್ರಾನ್ನ

ನರಹಂತಕಿ!! ಹೆಸರಿಟ್ಟವರಿಗೆ ಒಂದು ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.

ಇಂಟರ್ನಲ್ಸ್‌ನಲ್ಲಿ ಮಾತ್ರ ಪುಸ್ತಕದಲ್ಲಿ ಇರೋದನ್ನೇ ಬರಿ ತಾಯಿ. ನಿನ್ನ ಟೇಬಲ್ ಕಥೆ ಅಲ್ಲಿ ಬೇಡ.

ಹಳೇ_ಮೇಷ್ಟ್ರು

ಮೊದಲು ಬ್ಲೇಡ್ ಮೇಲೆ ಅನುಮಾನ ಪಡಮ್ಮ, ಆಮೇಲೆ ಪುಸ್ತಕದ ಮೇಲೆ. 31 ವರ್ಷ ಅನಾಟಮಿ ಕಲಿಸಿ ಈಗ ಮನೆಯಲ್ಲಿದ್ದೇನೆ. "ಸರ್, ವೇರಿಯೇಷನ್" ಅಂತ, ಅಂದರೆ ಹುಟ್ಟಿನಿಂದಲೇ ಬೇರೆ ಥರ ಇದೆ ಅಂತ, ಓಡಿ ಬಂದವರಲ್ಲಿ ಮುಕ್ಕಾಲು ಪಾಲು ಮಂದಿ ತಾವೇ ಕತ್ತರಿಸಿ ಬಂದವರು. ಹಾಗಂತ ನೋಡದೆ ಮುಂದೆ ಹೋಗೋದೂ ಸರಿಯಲ್ಲ. ಉಳಿದ ಕಾಲು ಪಾಲು ಅಲ್ಲೇ ತಪ್ಪಿಹೋಗುತ್ತದೆ.

ನಾಳೆ ಹೋಗಿ ಹೀಗೆ ಮಾಡು. ಬ್ಲೇಡ್ ಕೆಳಗಿಡು. ಮೊಂಡು ಫೋರ್ಸೆಪ್ಸ್, ಬೆರಳು, ಅಷ್ಟೇ ಸಾಕು.

ಕಂಕುಳಿಂದ ಶುರು ಮಾಡು. ಆಕ್ಸಿಲರಿ ಆರ್ಟರಿ ಅನ್ನೋ ರಕ್ತನಾಳದ ಹೊರಬದಿಗೆ ಲ್ಯಾಟರಲ್ ಕಾರ್ಡ್ ಅನ್ನೋ ನರದ ಕಟ್ಟು ಇರುತ್ತದಲ್ಲ, ಅದು ಕೆಳಗೆ ಬಂದು ಸಾಮಾನ್ಯವಾಗಿ ಎರಡಾಗುತ್ತದೆ. ಒಂದು ಮಸ್ಕ್ಯುಲೊಕ್ಯುಟೇನಿಯಸ್, ಇನ್ನೊಂದು ಮೀಡಿಯನ್‌ಗೆ ಸೇರುವ ಬೇರು. ನಿನ್ನ ಕೈಯಲ್ಲಿ ಅದು ಎರಡಾಗಿದೆಯಾ ಅಥವಾ ಇಡಿಯಾಗಿ ಮೀಡಿಯನ್‌ಗೆ ಹೋಗಿದೆಯಾ ನೋಡು. ಕತ್ತರಿಸಿದ ನರಕ್ಕೆ ಮೊಂಡು ತುದಿ ಇರುತ್ತದೆ. ಎಳೆದರೆ ಸಡಿಲವಾಗಿ ಬರುತ್ತದೆ. ಅಂಥ ತುದಿ ಎಲ್ಲೂ ಸಿಗದಿದ್ದರೆ ಅರ್ಧ ಗೆದ್ದೆ.

ಆಮೇಲೆ ಕೊರಕೊಬ್ರೇಕಿಯಾಲಿಸ್‌ನ ಎಳೆಗಳನ್ನು ಉದ್ದಕ್ಕೆ ಬಿಡಿಸು, ಅಡ್ಡ ಕತ್ತರಿಸಬೇಡ. ನರ ಇದ್ದು ಯಾರೋ ಕಿತ್ತಿದ್ದರೆ ಸುರಂಗ ಉಳಿದಿರುತ್ತದೆ. ಬೆಂಡೆಕಾಯಿಯಿಂದ ಬೀಜ ತೆಗೆದರೂ ಗೂಡು ಉಳಿಯುತ್ತಲ್ಲ, ಹಾಗೆ.

ಮೂರನೆಯದು ನನಗೆ ಬಹಳ ಇಷ್ಟವಾದ ದಾರಿ. ಕೆಳಗಿನಿಂದ ಮೇಲಕ್ಕೆ ಹೋಗು. ಮೊಣಕೈ ಹತ್ತಿರ ಬೈಸೆಪ್ಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ನ ಹೊರಬದಿಗೆ ಮುಂಗೈ ಚರ್ಮಕ್ಕೆ ಹೋಗುವ ನರ ಹೊರಬರುತ್ತದೆ. ಅದು ಮಸ್ಕ್ಯುಲೊಕ್ಯುಟೇನಿಯಸ್‌ನ ಬಾಲ. ಬಾಲ ಹಿಡಿದು ಮೇಲಕ್ಕೆ ಹೋದರೆ ಪ್ರಾಣಿ ಎಲ್ಲಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಅದು ನಿನ್ನನ್ನು ಮೀಡಿಯನ್‌ಗೆ ಕರೆದುಕೊಂಡು ಹೋದರೆ ನಿನ್ನ ಬ್ಲೇಡ್ ನಿರಪರಾಧಿ.

ಬಲ ತೋಳನ್ನೂ ಬಿಡಿಸಿ ಹೋಲಿಸಿ ನೋಡು. ಎಡಗಡೆ ಮೀಡಿಯನ್ ದಪ್ಪ ಇರಬೇಕು. ಎರಡು ನರಗಳ ಎಳೆ ಒಂದರಲ್ಲೇ ಹೋಗುತ್ತಿದೆ ಅಲ್ವಾ.

ನಾಲ್ಕನೇ_ಟೇಬಲ್

ಸರ್, ತುಂಬಾ ಥ್ಯಾಂಕ್ಸ್. ಒಂದು ದಡ್ಡ ಪ್ರಶ್ನೆ. ನರ ಇಲ್ಲದೆ ಆ ವ್ಯಕ್ತಿ ಮೊಣಕೈ ಮಡಚುತ್ತಿದ್ದದ್ದು ಹೇಗೆ?

ಹಳೇ_ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ. ನರ ಅಂದರೆ ಒಂದು ತಂತಿ ಅಂದುಕೊಂಡರೆ ಗೊಂದಲ. ಸಾವಿರಾರು ಎಳೆಗಳ ಕಟ್ಟು ಅದು. ಭ್ರೂಣದಲ್ಲಿ ಕೈ ಇನ್ನೂ ಮೊಗ್ಗಿನ ಹಾಗಿರುವಾಗಲೇ ಈ ಎಳೆಗಳು ಬೆಳೆದುಕೊಂಡು ತಮ್ಮ ತಮ್ಮ ಸ್ನಾಯು ಹುಡುಕುತ್ತವೆ. ಕೆಲವೊಮ್ಮೆ ಪಕ್ಕದ ಕಟ್ಟಿನ ಜೊತೆ ಹೋಗುತ್ತವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವವರು ತಮ್ಮ ಬಸ್ ಬಿಟ್ಟು ಬೆಳಗಾವಿ ಬಸ್ ಹತ್ತಿ ದಾರಿಯಲ್ಲಿ ಇಳಿದುಕೊಂಡ ಹಾಗೆ. ಬಸ್ ಬೇರೆ ಆದರೂ ಊರು ಸೇರಿದ್ದಾರೆ. ಆ ಪುಣ್ಯಾತ್ಮರು ಆಯುಷ್ಯ ಪೂರ್ತಿ ಆ ಕೈಯಿಂದ ಕೊಡ ಎತ್ತಿರಬಹುದು, ಮಗು ಎತ್ತಿರಬಹುದು. ಏನೂ ಗೊತ್ತಾಗಿರುವುದಿಲ್ಲ.

ಮೀಡಿಯನ್ ಮತ್ತು ಮಸ್ಕ್ಯುಲೊಕ್ಯುಟೇನಿಯಸ್ ಒಂದರೊಳಗೊಂದು ಸೇರುವ ಬಗೆಗಳನ್ನು 1990ರಲ್ಲಿ ಲೆ ಮಿನೋರ್ ಅನ್ನುವ ಫ್ರೆಂಚ್ ಅನಾಟಮಿಸ್ಟ್ ಐದಾಗಿ ವಿಂಗಡಿಸಿದರು. ನೀನು ಹೇಳಿದ್ದು ನಿಜವಾದರೆ ಅದು ಐದನೆಯದು. ಮಸ್ಕ್ಯುಲೊಕ್ಯುಟೇನಿಯಸ್ ಇಲ್ಲವೇ ಇಲ್ಲ, ಎಲ್ಲ ಎಳೆಗಳೂ ಮೀಡಿಯನ್ ಒಳಗೆ.

ಮಂಪರು_ಡಾಕ್ಟರ್

ಅರಿವಳಿಕೆ ಡಾಕ್ಟರ್ ನಾನು. ಇದನ್ನು ಓದಿ ಸುಮ್ನೆ ಹೋಗಲು ಆಗಲಿಲ್ಲ.

ಮುಂಗೈ ಆಪರೇಷನ್‌ಗೆ ಎಷ್ಟೋ ಸಲ ಪೂರ್ತಿ ಮಂಪರು ಕೊಡುವುದಿಲ್ಲ. ಕಂಕುಳಲ್ಲಿ ಔಷಧಿ ಹಾಕಿ ಕೈ ಮಾತ್ರ ಮರಗಟ್ಟಿಸುತ್ತೇವೆ. ಮೀಡಿಯನ್, ಅಲ್ನಾರ್, ರೇಡಿಯಲ್ ಮೂರು ನರಗಳೂ ಆರ್ಟರಿ ಸುತ್ತಲೇ ಸಿಗುತ್ತವೆ. ಮಸ್ಕ್ಯುಲೊಕ್ಯುಟೇನಿಯಸ್ ಮಾತ್ರ ಮೊದಲೇ ಬೇರೆಯಾಗಿ ಆ ಸ್ನಾಯುವಿನೊಳಗೆ ಹೋಗಿರುತ್ತದೆ. ಅದಕ್ಕೆ ಬೇರೆ ಚುಚ್ಚಬೇಕು. ಮರೆತರೆ ಮುಂಗೈಯ ಹೊರಬದಿ ಮರಗಟ್ಟುವುದಿಲ್ಲ, ಸರ್ಜನ್ ಅಲ್ಲಿ ಕೈ ಇಟ್ಟ ತಕ್ಷಣ ಪೇಷಂಟ್ "ಅಯ್ಯೋ" ಅನ್ನುತ್ತಾರೆ. ಎಲ್ಲರೂ ನಮ್ಮ ಮುಖ ನೋಡುತ್ತಾರೆ.

ಒಂದು ರಾತ್ರಿ, ಮುಂಗೈ ಮೂಳೆ ಮುರಿದಿದ್ದ ಒಬ್ಬ ಲಾರಿ ಡ್ರೈವರ್. ಅಲ್ಟ್ರಾಸೌಂಡ್ ಇಟ್ಟು ಸ್ನಾಯುವಿನೊಳಗೆ ಹುಡುಕುತ್ತೇನೆ, ನರ ಇಲ್ಲ. ಪ್ರೋಬ್ ಮೇಲೆ ಕೆಳಗೆ ಆಡಿಸಿದೆ. ಇಲ್ಲ. ಮೆಷಿನ್ ಸರಿ ಇಲ್ಲ ಅಂದುಕೊಂಡೆ. ಆಮೇಲೆ ಕಣ್ಣಿಗೆ ಬಿತ್ತು, ಮೀಡಿಯನ್ ಎಂದಿಗಿಂತ ದಪ್ಪ ಇತ್ತು. ಫಸ್ಟ್ ಇಯರ್‌ನಲ್ಲಿ ಒಬ್ಬ ಮೇಡಂ ಇದನ್ನು ಟೇಬಲ್ ಮೇಲೆ ತೋರಿಸಿದ್ದು ಅಷ್ಟು ವರ್ಷ ಆದ ಮೇಲೆ ನೆನಪಾಯಿತು. ಮೀಡಿಯನ್ ಸುತ್ತ ಔಷಧಿ ಬಿಟ್ಟೆ. ಹೊರಬದಿಯೂ ಮರಗಟ್ಟಿತು.

ಆದ್ದರಿಂದ ತಂಗಿ, ಇದನ್ನು 'ಸುಮ್ನೆ ಬಿಟ್ಟುಬಿಡಲಾ' ಅಂತ ಕೇಳಬೇಡ.

ಸಂಶಯ_ಪಿಶಾಚಿ

ಎಲ್ಲ ಸರಿ, ಆದರೆ ಇದಕ್ಕೆ 'ಸಂಶೋಧನೆ' ಅಂತ ಹೆಸರು ಕೊಡೋದು ಬೇಡ. ಅನಾಟಮಿ ಜರ್ನಲ್ ತೆಗೆದರೆ ಇದೇ. ಒಂದು ಶವ, ಒಂದು ವಿಚಿತ್ರ ನರ, ಆರು ಜನ ಲೇಖಕರು. ಇಲ್ಲಾಂದ್ರೆ ಸ್ಟೋರ್ ರೂಮಿನ ಒಣ ಮೂಳೆ ತೆಗೆದು ತೊಡೆ ಮೂಳೆಯಲ್ಲಿ ರಕ್ತನಾಳದ ತೂತು ಎಲ್ಲಿದೆ ಅಂತ ಎಣಿಸೋದು. ಆ ಮೂಳೆ ಗಂಡಸಿನದೋ ಹೆಂಗಸಿನದೋ, ಎಷ್ಟು ವಯಸ್ಸೋ ಯಾರಿಗೂ ಗೊತ್ತಿಲ್ಲ. ಪ್ರಮೋಷನ್‌ಗೆ ಪೇಪರ್ ಬೇಕು, ತೂತು ಎಣಿಸುತ್ತಾರೆ. ನಾನೇ ಎಣಿಸಿದ್ದೇನೆ, ಅದಕ್ಕೇ ಇಷ್ಟು ಕೋಪ.

ಹಳೇ_ಮೇಷ್ಟ್ರು

ಪಿಶಾಚಿಗಳೇ, ಅರ್ಧ ಒಪ್ಪುತ್ತೇನೆ. ನಾನೂ ಎಣಿಸಿದ್ದೇನೆ.

ಒಂದು ಕೈಯಿಂದ ಏನೂ ಹೇಳಲು ಬರುವುದಿಲ್ಲ. 'ಇಂಥದ್ದು ಉಂಟು' ಅಂತ ಹೇಳಬಹುದು, 'ಎಷ್ಟು ಮಂದಿಗೆ ಉಂಟು' ಅಂತ ಹೇಳಲಾಗದು. ಮಂಪರು ಡಾಕ್ಟರಿಗೆ ಬೇಕಾದದ್ದು ಎರಡನೆಯದು. ಅದಕ್ಕೆ ನೂರಾರು ಕೈ ಬೇಕು. ಒಂದು ಕಾಲೇಜಿಗೆ ವರ್ಷಕ್ಕೆ ಬರುವ ದೇಹಗಳೇ ಬೆರಳೆಣಿಕೆ. ಆದರೆ ವರ್ಷ ವರ್ಷ ಬರುತ್ತವಲ್ಲ! ಪ್ರತಿ ಟೇಬಲ್‌ನಲ್ಲಿ ಕಂಡದ್ದನ್ನು, ಪುಸ್ತಕದ ಹಾಗಿದ್ದರೂ ಇಲ್ಲದಿದ್ದರೂ, ಬರೆದಿಟ್ಟರೆ ಇಪ್ಪತ್ತು ವರ್ಷದಲ್ಲಿ ಅದೇ ದೊಡ್ಡ ಅಧ್ಯಯನ. 'ಸರಿಯಾಗಿತ್ತು' ಅಂತ ಬರೆಯೋದೂ ಮುಖ್ಯ. ಇಲ್ಲವಾದರೆ ಎಷ್ಟರಲ್ಲಿ ಎಷ್ಟು ಅನ್ನೋ ಲೆಕ್ಕವೇ ಸಿಗದು.

ನಮ್ಮ ವಿಭಾಗದಲ್ಲಿ ಹಾಗೊಂದು ಉದ್ದನೆಯ ರಿಜಿಸ್ಟರ್ ಇತ್ತು. ಹಾಜರಿ ಪುಸ್ತಕದ ಸೈಜ್, ಕೆಂಪು ಬೈಂಡ್. ದೇಹದ ನಂಬರ್, ಎಡ ಬಲ, ಕಂಡದ್ದು, ವಿದ್ಯಾರ್ಥಿಯ ಹೆಸರು. 1988ರಿಂದ ಬರೆಸುತ್ತಾ ಬಂದಿದ್ದೆ. ಕಟ್ಟಡಕ್ಕೆ ಸುಣ್ಣ ಬಳಿಯುವಾಗ ಯಾರೋ ಅದನ್ನು ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಿದರು. ನಾನು ರಜೆಯಲ್ಲಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ, ಹೇಳಿ ಏನು ಪ್ರಯೋಜನ.

ಸಂಶಯ_ಪಿಶಾಚಿ

ಛೇ. ಅದನ್ನು ಕೇಳಿ ಬೇಜಾರಾಯಿತು ಸರ್. ಆ ರಿಜಿಸ್ಟರ್ ಮಾತ್ರ ಸಂಶೋಧನೆ ಅಂತ ನಾನೂ ಒಪ್ಪುತ್ತೇನೆ.

ಕತ್ತರಿ_ಕಾಕಾ

ಉತ್ತರ ಕರ್ನಾಟಕದ ಸರ್ಜನ್ ನಾನು. ಎಣಿಕೆ ಅಂದರೆ ನಗಬ್ಯಾಡ್ರಿ. ಲಿವರ್‌ಗೆ ಹೋಗುವ ಆರ್ಟರಿಯನ್ನು ಮೈಕೆಲ್ಸ್ ಅನ್ನುವ ಅಮೆರಿಕದ ಅನಾಟಮಿಸ್ಟ್ 200 ದೇಹಗಳಲ್ಲಿ ಕೂತು ಬಿಡಿಸಿದ. 1966ರಲ್ಲಿ ಅದನ್ನು ಹತ್ತು ಬಗೆಯಾಗಿ ವಿಂಗಡಿಸಿ ಬರೆದ. ಪುಸ್ತಕದಲ್ಲಿ 'ಸಾಮಾನ್ಯ' ಅಂತ ಇರುವ ಚಿತ್ರ ಸಿಕ್ಕಿದ್ದು 55% ಜನರಲ್ಲಿ ಅಷ್ಟೇ. ಅಂದರೆ ನಾವು ಬಾಯಿಪಾಠ ಮಾಡಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಂದಿಗೆ ಮಾತ್ರ ನಿಜ! ಲಿವರ್ ಕಸಿ ಮಾಡುವವರು ಇವತ್ತಿಗೂ ಆ ನಂಬರ್‌ಗಳನ್ನೇ ಹೇಳುತ್ತಾರೆ.

ಪಿತ್ತಕೋಶ ತೆಗೆಯುವಾಗ ನಾನು ಏನನ್ನಾದರೂ ಕತ್ತರಿಸುವ ಮೊದಲು ಕೈ ನಿಲ್ಲಿಸಿ ಇನ್ನೊಮ್ಮೆ ನೋಡುತ್ತೇನೆ. ಆ ಭಯ ಕಲಿಸಿದ್ದು ಡಿಸೆಕ್ಷನ್ ಹಾಲ್.

ಟಚ್_ಸ್ಕ್ರೀನ್

ನಮ್ಮ ಕಾಲೇಜು ಹೊಸದು. ದೇಹ ಒಂದೇ ಒಂದು, ಅದನ್ನೂ ದೂರದಿಂದ ನೋಡಬೇಕು. ಆದರೆ ಊಟದ ಮೇಜಿನಷ್ಟು ದೊಡ್ಡ ಡಿಜಿಟಲ್ ಟೇಬಲ್ ಇದೆ. ಬೆರಳಲ್ಲಿ ಎಳೆದರೆ ಚರ್ಮ ಹೋಗುತ್ತದೆ, ಇನ್ನೊಮ್ಮೆ ಎಳೆದರೆ ಸ್ನಾಯು ಹೋಗುತ್ತದೆ. ತಪ್ಪಿದರೆ 'ಅನ್‌ಡೂ'. ವಾಸನೆ ಇಲ್ಲ. ನಿಜ ಹೇಳಬೇಕೆಂದರೆ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕೈಯ ನರಗಳ ಜಾಲ, ನನಗೆ ಅರ್ಥವಾಗಿದ್ದೇ ಅದರಲ್ಲಿ, ತಿರುಗಿಸಿ ತಿರುಗಿಸಿ ನೋಡಿ. ಅದನ್ನು ಬೈಯಬೇಡಿ.

ಆದರೆ ಈ ಥ್ರೆಡ್ ಓದಿ ಇವತ್ತು ಹೋಗಿ ನೋಡಿದೆ. ನಮ್ಮ ಟೇಬಲ್‌ನಲ್ಲಿ ಮಸ್ಕ್ಯುಲೊಕ್ಯುಟೇನಿಯಸ್ ಇದೆ. ನಿನ್ನೆಯೂ ಅಲ್ಲೇ ಇತ್ತು. ನಾಳೆ ಬೇರೆ ಬ್ಯಾಚ್ ಬಂದರೂ ಅಲ್ಲೇ ಇರುತ್ತದೆ.

ಮೆಸ್_ಚಿತ್ರಾನ್ನ

ದೇಹ ಇಲ್ಲ ಅನ್ನೋರಿಗೆ ಫ್ರೀ ವೇರಿಯೇಷನ್. ಹೆಬ್ಬೆರಳು ಮತ್ತು ಕಿರುಬೆರಳ ತುದಿ ಜೋಡಿಸಿ. ಮಣಿಕಟ್ಟು ಸ್ವಲ್ಪ ಒಳಕ್ಕೆ ಮಡಚಿ. ಮಧ್ಯದಲ್ಲಿ ಹಗ್ಗದ ಹಾಗೆ ಒಂದು ಟೆಂಡನ್ ಎದ್ದು ಬಂತಾ? ಅದು ಪಾಲ್ಮಾರಿಸ್ ಲಾಂಗಸ್. ಬರಲಿಲ್ಲವಾ? ನಿಮಗೆ ಆ ಸ್ನಾಯುವೇ ಇಲ್ಲದಿರಬಹುದು. ಗಾಬರಿ ಬೇಡ, ಹಿಡಿತಕ್ಕೆ ಏನೂ ಆಗುವುದಿಲ್ಲ. ಬೇರೆ ಕಡೆ ಟೆಂಡನ್ ಹರಿದರೆ ಸರ್ಜನ್‌ಗಳು ಇದನ್ನೇ ತೆಗೆದು ಅಲ್ಲಿ ಹೊಲಿಯುತ್ತಾರೆ, ಅಷ್ಟು ಬಿಟ್ಟಿ ಸ್ನಾಯು.

ನನಗೆ ಬಲಗಡೆ ಇದೆ, ಎಡಗಡೆ ಇಲ್ಲ.

ಟಚ್_ಸ್ಕ್ರೀನ್

ಎರಡೂ ಕಡೆ ಇದೆ. ಅಮ್ಮನಿಗೆ ಎರಡೂ ಕಡೆ ಇಲ್ಲ! ಅಡುಗೆ ಮನೆಯಲ್ಲಿ ಲಟ್ಟಣಿಗೆ ಕೆಳಗಿಡಿಸಿ ನೋಡಿದೆ.

ಕತ್ತರಿ_ಕಾಕಾ

ಪಾಠದ ಪುಸ್ತಕಗಳು ಸುಮಾರು 15% ಜನಕ್ಕೆ ಇಲ್ಲ ಅನ್ನುತ್ತವೆ, ಆದರೆ ಊರಿಂದ ಊರಿಗೆ, ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಪ್ರಾಜೆಕ್ಟ್ ಇರುತ್ತದಲ್ಲ, ಅಂಥದ್ದಕ್ಕೆ ಇದು ಒಳ್ಳೆಯ ವಿಷಯ. ಶವ ಬೇಡ, ದುಡ್ಡು ಬೇಡ. ಎಥಿಕ್ಸ್ ಕಮಿಟಿ ಒಪ್ಪಿಗೆ ಮತ್ತು ಕೈ ಚಾಚುವ ಜನ ಇದ್ದರೆ ಆಯಿತು.

ಹಾಲ್_ಅಟೆಂಡರ್

ನಾನು ಡಾಕ್ಟರ್ ಅಲ್ಲ. ಡಿಸೆಕ್ಷನ್ ಹಾಲ್‌ನಲ್ಲಿ 19 ವರ್ಷ ಅಟೆಂಡರ್ ಆಗಿದ್ದೆ. ದೇಹ ಕೆಡದಂತೆ ಔಷಧಿ ತುಂಬುವ ಎಂಬಾಮಿಂಗ್ ನಾನೇ ಮಾಡುತ್ತಿದ್ದೆ. ತೊಡೆಯ ಹತ್ತಿರ ಆರ್ಟರಿ ತೆಗೆದು ಫಾರ್ಮಲಿನ್, ಗ್ಲಿಸರಿನ್, ಸ್ಪಿರಿಟ್ ಬೆರೆಸಿದ್ದು ನಿಧಾನಕ್ಕೆ ಬಿಡಬೇಕು. ಅವಸರ ಮಾಡಿದರೆ ಮುಖ ಊದುತ್ತದೆ, ಕೈ ಬೆರಳಿಗೆ ಔಷಧಿ ಹೋಗುವುದಿಲ್ಲ.

ಮೇಡಂ, ಒಂದು ಮಾತು. ಆ ಎಡಗೈ ಒಣಗಿಸಬೇಡಿ. ಫ್ಯಾನ್ ಕೆಳಗೆ ತೆರೆದಿಟ್ಟು ಹೋದರೆ ಮರುದಿನ ನರ, ರಕ್ತನಾಳ, ಪೊರೆ ಎಲ್ಲ ಒಂದೇ ತರ ಕಂದು ದಾರ ಆಗುತ್ತದೆ. ಹತ್ತಿ ಬಟ್ಟೆಯನ್ನು ಅದೇ ಎಂಬಾಮಿಂಗ್ ನೀರಲ್ಲಿ ನೆನೆಸಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ. ನರದ ಕೆಳಗೆ ಬಣ್ಣದ ದಾರ ಹಾಯಿಸಿ ಸಡಿಲ ಗಂಟು ಹಾಕಿ. ಒಂದು ಚೀಟಿ ಕಟ್ಟಿ, 'ಕತ್ತರಿಸಬೇಡಿ' ಅಂತ. ಮಧ್ಯಾಹ್ನದ ಬ್ಯಾಚಿನವರು ಕೇಳುವವರಲ್ಲ.

ನಿಮ್ಮ ಅಟೆಂಡರ್‌ಗೆ ಹೇಳಿ, ಅವರು ನೋಡಿಕೊಳ್ಳುತ್ತಾರೆ. ಹೆಸರು ಹಿಡಿದು ಕರೆಯಿರಿ.

ನಾಲ್ಕನೇ_ಟೇಬಲ್

ಅಣ್ಣ, ಈ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾಳೆನೇ ಮಾಡುತ್ತೇನೆ. ಫೋಟೋ ತೆಗೆದು ಇಲ್ಲಿ ಹಾಕಲಾ?

ಹಳೇ_ಮೇಷ್ಟ್ರು

ಬೇಡ! ಫೋನ್ ಹೊರಗೆ ತೆಗೆಯಲೇ ಬೇಡ. ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದು, ವಿಭಾಗದ ಕ್ಯಾಮೆರಾದಲ್ಲಿ, ಆ ಭಾಗ ಮಾತ್ರ ಬರುವಂತೆ ಅವರೇ ತೆಗೆಸಲಿ.

ನೀನು ಚಿತ್ರ ಬರೆ. ಪೆನ್ಸಿಲ್ ಹಿಡಿದಾಗಲೇ ಕಣ್ಣು ನೆಟ್ಟಗೆ ನೋಡುವುದು. ಗ್ರೇ ಅನಾಟಮಿ ಅಂತ ಎಲ್ಲರೂ ಹೇಳುತ್ತಾರೆ. 1858ರ ಆ ಪುಸ್ತಕಕ್ಕೆ ಚಿತ್ರ ಬರೆದದ್ದು ಗ್ರೇ ಅಲ್ಲ, ಕಾರ್ಟರ್. ಆಮೇಲೆ ಅವರು ನಮ್ಮ ಮುಂಬೈಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಿದರು. ಹೆಸರು ಮಾತ್ರ ಗ್ರೇಗೆ ಹೋಯಿತು, ಬಿಡಿ.

ಮಗ_ಒಬ್ಬ

ನಾನು ಮೆಡಿಕಲ್ ಅಲ್ಲ, ಬ್ಯಾಂಕ್ ಕೆಲಸ. ನಾಲ್ಕು ವರ್ಷದ ಹಿಂದೆ ನಮ್ಮ ತಾಯಿಯ ದೇಹ ಒಂದು ಕಾಲೇಜಿಗೆ ಕೊಟ್ಟೆವು. ಅವರೇ ಬದುಕಿದ್ದಾಗ ಫಾರ್ಮ್ ತುಂಬಿದ್ದರು. ಸಾಕ್ಷಿ ಸಹಿ ನನ್ನದು. ಕಣ್ಣು ಮೊದಲು ತೆಗೆದುಕೊಂಡರು, ಆಮೇಲೆ ಕಾಲೇಜಿನ ಗಾಡಿ ಬಂತು. "ಮಣ್ಣು ಕೊಡದೆ ಕಳಿಸಿದಿರಾ" ಅಂತ ದೊಡ್ಡಪ್ಪ ಇವತ್ತಿಗೂ ಮಾತಾಡುವುದಿಲ್ಲ. ತಿಥಿಯನ್ನು ಫೋಟೋ ಇಟ್ಟು ಮಾಡಿದೆವು.

'ನರಹಂತಕಿ' ಓದಿ ನಕ್ಕೆ, ಅಮ್ಮನೂ ನಗುತ್ತಿದ್ದರು. ಒಂದೇ ಪ್ರಶ್ನೆ. ಟೇಬಲ್ ಮೇಲೆ ಇರುವವರು ಯಾರು ಅಂತ ನಿಮಗೆ ಗೊತ್ತಿರುತ್ತದಾ? ಮತ್ತು ಹೀಗೆ ಏನಾದರೂ ಕಂಡರೆ ಮನೆಯವರಿಗೆ ಹೇಳುತ್ತಾರಾ?

ಹಳೇ_ಮೇಷ್ಟ್ರು

ಸ್ವಾಮಿ, ಮೊದಲು ನಿಮ್ಮ ತಾಯಿಗೆ ನಮಸ್ಕಾರ.

ಟೇಬಲ್ ಮೇಲೆ ಹೆಸರು ಇರುವುದಿಲ್ಲ, ನಂಬರ್ ಇರುತ್ತದೆ. ಹೆಸರು ಕಚೇರಿಯ ಪುಸ್ತಕದಲ್ಲಿ ಇರುತ್ತದೆ. ಮನೆಯವರಿಗೆ ತಿಳಿಸುವ ರೂಢಿ ನಾನಿದ್ದ ಕಡೆ ಇರಲಿಲ್ಲ.

ನಾನು ಓದುವಾಗ ಬರುತ್ತಿದ್ದದ್ದು ಹೆಚ್ಚಾಗಿ ವಾರಸುದಾರರಿಲ್ಲದ ದೇಹಗಳು. 1957ರ ಅನಾಟಮಿ ಕಾಯ್ದೆ ಅದಕ್ಕೆ ದಾರಿ ಮಾಡಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಸತ್ತವರು. ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಾಲದಲ್ಲಿ ಟೇಬಲ್ ಮುಂದೆ ಯಾರೂ ಕೈ ಜೋಡಿಸಿದ್ದಿಲ್ಲ, ಅದು ನನಗೆ ಈಗ ಮುಜುಗರ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ 'ಶವವೇ ಮೊದಲ ಗುರು' ಅಂತ ಒಂದು ಪಾಠವೇ ಇದೆ. ಮೊದಲ ದಿನ ಪ್ರತಿಜ್ಞೆ ಮಾಡಿಸುತ್ತಾರೆ.

ಕತ್ತರಿ_ಕಾಕಾ

ನಮ್ಮ ಬೆಳಗಾವಿಯಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳ ಎದುರು ಡಿಸೆಕ್ಷನ್ ಮಾಡಿದರು. ತಂದೆಯ ಆಸೆ ಅದು, ಅವರೂ ಡಾಕ್ಟರ್. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಕೈಲಿ ಆಗುತ್ತಿತ್ತಾ ಅಂತ ಈಗಲೂ ಗೊತ್ತಿಲ್ಲ.

ಮಗ_ಒಬ್ಬ

ಸರಿ ಸರ್. ನಮಗೆ ಹೇಳುವುದು ಬೇಡ. ಅಮ್ಮನ ಕೈಯಲ್ಲೋ ಕಾಲಲ್ಲೋ ಏನಾದರೂ ಕಂಡಿದ್ದರೆ ಯಾವುದಾದರೂ ಹುಡುಗಿ ಹೀಗೆ ಎರಡು ಗಂಟೆ ಹುಡುಕಿರಲಿ, ಬರೆದಿಟ್ಟಿರಲಿ. ಆ ಪುಸ್ತಕವನ್ನು ತೂಕಕ್ಕೆ ಹಾಕದಿರಲಿ.

ನಾಲ್ಕನೇ_ಟೇಬಲ್ (ಆರು ದಿನದ ನಂತರ)

ತಡವಾಯಿತು, ಕ್ಷಮಿಸಿ. ಮೇಷ್ಟ್ರು ಹೇಳಿದ ಮೂರೂ ದಾರಿ ಹಿಡಿದೆ.

ಮೊಂಡು ತುದಿ ಎಲ್ಲೂ ಇಲ್ಲ. ಲ್ಯಾಟರಲ್ ಕಾರ್ಡ್ ಇಡಿಯಾಗಿ ಮೀಡಿಯನ್‌ಗೆ ಹೋಗುತ್ತದೆ. ಕೊರಕೊಬ್ರೇಕಿಯಾಲಿಸ್‌ನಲ್ಲಿ ಸುರಂಗ ಇಲ್ಲ. ಆ ಸ್ನಾಯುವಿಗೆ ಕಾರ್ಡ್‌ನಿಂದಲೇ ಕೂದಲೆಳೆಯಂಥ ಒಂದು ಕವಲು ಬಂದಿದೆ, ಮೊದಲ ದಿನ ಅದನ್ನು ಪೊರೆ ಅಂದುಕೊಂಡಿದ್ದೆ. ಬೈಸೆಪ್ಸ್‌ನ ಕವಲು ಮೀಡಿಯನ್‌ನಿಂದ ಹೊರಡುವುದು ಭುಜದ ಕೊರಕಾಯ್ಡ್ ಮೂಳೆಮೊನೆಯ ತುದಿಯಿಂದ 10.5 ಸೆಂ.ಮೀ. ಕೆಳಗೆ. ಅದರ ಕೆಳಗೆ ಇನ್ನೊಂದು ಕವಲು, ಬೈಸೆಪ್ಸ್ ಅಡಿಯ ಸ್ನಾಯು ಬ್ರೇಕಿಯಾಲಿಸ್‌ಗೆ ಕೊಟ್ಟು ಮುಂಗೈ ಚರ್ಮಕ್ಕೆ ಹೋಗುತ್ತದೆ. ಬಾಲ ಹಿಡಿದು ಮೇಲಕ್ಕೆ ಬಂದಾಗ ಸಿಕ್ಕಿದ್ದು ಇದೇ. ಅಳೆಯಲು ವರ್ನಿಯರ್ ತಂದುಕೊಟ್ಟದ್ದು ಅಟೆಂಡರ್ ರುದ್ರಣ್ಣ, ಬಟ್ಟೆ ಸುತ್ತಿದ್ದೂ ಅವರೇ. ಬಲ ತೋಳು ಪುಸ್ತಕದಲ್ಲಿ ಇರುವ ಹಾಗೇ ಇದೆ.

ಎಚ್‌ಒಡಿ ಮೇಡಂಗೆ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ಟೇಬಲ್ ಹತ್ತಿರ ಬಂದು ಹತ್ತು ನಿಮಿಷ ನೋಡಿದರು. ಟ್ಯೂಟರ್ ಸರ್‌ನ ಕರೆಸಿದರು. ಸರ್ ನನ್ನ ಕಡೆ ನೋಡಿ "ಸಾರಿ ಕಣಮ್ಮ" ಅಂದರು. ಈಗ ವಿಭಾಗದಲ್ಲಿ ಒಂದು ರಿಜಿಸ್ಟರ್ ಶುರುವಾಗಿದೆ. ಹಸಿರು ಬೈಂಡ್. ಎಲ್ಲ ಟೇಬಲ್‌ನವರೂ ಎರಡೂ ತೋಳಿನದು ಬರೆಯಬೇಕು, ಸರಿ ಇದ್ದರೂ. ಈ ಹೊಸ ಕೆಲಸಕ್ಕೆ ಇಡೀ ಬ್ಯಾಚ್ ನನ್ನನ್ನು ಬೈಯುತ್ತಿದೆ.

ಹಳೇ_ಮೇಷ್ಟ್ರು

ಎರಡು ಪ್ರತಿ ಇಡಲು ಹೇಳು. ಒಂದು ಕಂಪ್ಯೂಟರ್‌ನಲ್ಲಿ.

ನಾಲ್ಕನೇ_ಟೇಬಲ್

ಖಂಡಿತ ಸರ್. ಇನ್ನೊಂದು ಸುದ್ದಿ. ನಿನ್ನೆ ಇಂಟರ್ನಲ್ಸ್‌ನಲ್ಲಿ ನೋಡಿ ಗುರುತಿಸುವ ಪ್ರಶ್ನೆ, ಸ್ಪಾಟರ್ 7, ನಮ್ಮ ಟೇಬಲ್‌ನ ಎಡ ತೋಳು. ಬೈಸೆಪ್ಸ್‌ಗೆ ಹೋಗುವ ಕವಲಿಗೆ ಬಾವುಟ ಚುಚ್ಚಿ, 'ಇದು ಯಾವ ನರದ ಕವಲು?' ಅಂತ ಇಟ್ಟಿದ್ದರು. ಪುಸ್ತಕದಲ್ಲಿ ಇರೋದನ್ನೇ ಬರೆದವರೆಲ್ಲ ಹೋದರು.

ಮೆಸ್_ಚಿತ್ರಾನ್ನ

ನನ್ನ ಸಲಹೆ ವಾಪಸ್ ತಗೊಂಡಿದ್ದೇನೆ. ನಿನಗೆ ಎರಡಕ್ಕೆ ಎರಡು ಅಲ್ವಾ?

ನಾಲ್ಕನೇ_ಟೇಬಲ್

ಒಂದೂವರೆ. ನರ ಸರಿ. ಅವಸರದಲ್ಲಿ 'ಬಲಗೈ' ಅಂತ ಬರೆದಿದ್ದೆ.